ನನ್ನ ತುಪ್ಪಳ ವ್ಯಾಪಾರ

ವ್ಯಾಪಾರ ನಮ್ಮ ರಕ್ತದಲ್ಲೇ ಇದೆ. ಅಜ್ಜನದು ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ! ಹಾಗಾಗಿ ಮಗಳು ಮೇಘಾಳ ಶಾಲೆಯವರು ನಾವೀಗಿರುವ ಪರದೇಶದ ಊರಾದ ಸ್ಟ್ರೀಟ್ಸ್‌ವಿಲ್‌ನ ಹೊಳೆದಂಡೆಯಲ್ಲಿ ‘ತುಪ್ಪಳ ವ್ಯಾಪಾರಿಯ ಸಂಸಾರ’ ಎಂಬ ಆಟ ಇಟ್ಟಾಗ ನಾನು ಮೀಸೆ ತಿರುವಿದೆ. ಹಿಂದೆ ಇಲ್ಲಿನ ದೂರದ ಕಾಡುಗಳಲ್ಲಿ ವ್ಯಾಪಾರಿಗಳು ಹೆಂಡತಿ ಮಕ್ಕಳ ಸಮೇತ ವ್ಯಾಪಾರದ ಠಾಣೆ ಹೂಡಿ, ಕೆಟಲ್ಲು ಕಂಬಳಿ ಕೊಟ್ಟು, ಬೇಟೆಗಾರರಿಂದ ಬೀವರ್ ಎಂಬ ನೀರುಪ್ರಾಣಿಯ ತುಪ್ಪಳದ ಚರ್ಮ ಕೊಳ್ಳುತ್ತಿದ್ದರಂತೆ. ನಮ್ಮ ಆಟದಲ್ಲಿ ಚರ್ಮವೆಂದರೆ ಬೇಟೆಗಾರರಾದ ಪಾಲಕರ ಕೈಯಲ್ಲಿನ ಕಂದು ಬಟ್ಟೆಯ ತುಂಡು. ಮಧ್ಯಾಹ್ನದೊಳಗೆ ಐದು ಚರ್ಮ ಸೇರಿಸಿದ ಠಾಣೆಯ ಮಗುವಿಗೆ ಮಾತ್ರ ದೋಣಿ ಸವಾರಿ! ಮೇಘಾ ಒಂದು ವಾರದಿಂದ ಬಟ್ಟೆ ಬುಟ್ಟಿಯಲ್ಲಿ ಕೂತು ಸೌಟಿನಿಂದ ಹುಟ್ಟು ಹಾಕುತ್ತಿದ್ದಳು.

“ಅಪ್ಪಾ, ಯು ನೋ, ಟ್ರೇಡಿಂಗ್ ಪೋಸ್ಟಲ್ಲಿ ರಿಯಲ್ ವರ್ಕ್ ಎಲ್ಲಾ ವೈಫೇ ಮಾಡ್ತಿದ್ಳು. ಕ್ಲೀನಿಂಗ್, ಸ್ಟಿಚಿಂಗ್, ಎವ್ರಿಥಿಂಗ್,” ಎಂದಳು ಮೇಘಾ.

“ಅದರಾಗ ಹೊಸಾದೇನೈತಿ?” ಎಂದಳು ನನ್ನ ಹೆಂಡತಿ ಗಿರಿಜಾ, ಗುಡಾರದ ಗೂಟ ಹೊಡೆಯುತ್ತ. ನಾನು ಆಗ ಕಾರಿನ ಕನ್ನಡಿಯಲ್ಲಿ ಬಾಲವಿರುವ ತುಪ್ಪಳದ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದೆ.

ಮೊದಲ ಗಿರಾಕಿ ಬಂದ. ಕೆಟಲ್ಲಿಗೆ ಎಷ್ಟು ಚರ್ಮ ಎಂದ. ಹತ್ತು ಎಂದೆ! ಹುಬ್ಬಳ್ಳಿಯ ಪದ್ಧತಿಯೇ ಹಾಗೆ. ನಾವು ಏರಿಸಿ ಹೇಳಬೇಕು, ಗಿರಾಕಿ ಸಿಟ್ಟಾಗಿ ಎದ್ದು ಹೊರಟಂತೆ ಮಾಡಬೇಕು, ನಾವು “ಬರ್ರಿ ಸಾಹೇಬ್ರ” ಎಂದು ವಾಪಸ್ ಕರೆಯಬೇಕು. ಈ ಪುಣ್ಯಾತ್ಮ ಸಿಟ್ಟಾಗಲೇ ಇಲ್ಲ. “ಓ, ಸಾರಿ!” ಎಂದು ತಾನೇ ನನ್ನ ಕ್ಷಮೆ ಕೇಳಿ, ನಿಜವಾಗಿಯೂ ಹೋಗಿಬಿಟ್ಟ!

ಎರಡನೆಯವಳು “ಹ್ಯಾವ್ ಎ ಗುಡ್ ಡೇ” ಎಂದು ಹೋದಳು. ಮೂರನೆಯವನನ್ನು ಬಿಡಬಾರದೆಂದು ಹಿಂದೆಯೇ ಓಡಿದೆ. “ಎಯ್ಟ್! ಸಿಕ್ಸ್! ಫೋರ್!” ಟೊಪ್ಪಿಗೆಯ ಬಾಲ ನನ್ನ ಕೆನ್ನೆಗೆ ಬಾರಿಸುತ್ತಿತ್ತು. ಅವನು ತನ್ನ ಮಗುವನ್ನು ಎತ್ತಿಕೊಂಡು ಇನ್ನೂ ಜೋರಾಗಿ ಓಡಿದ. ಆಮೇಲೆ ನಮ್ಮ ಠಾಣೆಯ ಕಡೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ.

“ಏನ್ರೀ, ಗಿರಾಕಿ ಓಡಿಸ್ಲಿಕ್ಕೆ ಕುಂತೀರೇನು?”

“ತಡಿ, ಮಾರ್ಕೆಟ್ ಏರ್ತೈತಿ.”

ಮಾರ್ಕೆಟ್ ಏರಲಿಲ್ಲ. ಬಿಸಿಲು ಏರಿತು.

ಮಧ್ಯಾಹ್ನವಾಗುತ್ತ ಬಂತು. ನಮ್ಮ ಬಳಿ ಒಂದು ಚರ್ಮವೂ ಇಲ್ಲ. ಮೇಘಾಳ ಕಣ್ಣು ತುಂಬಿದ್ದು ನೋಡಿ ನಾನು ಟೊಪ್ಪಿಗೆ ತೆಗೆದು ಕೆಳಗಿಟ್ಟೆ. ಅವಳು ಕಣ್ಣೊರೆಸಿಕೊಂಡು ಪಕ್ಕದ ಠಾಣೆಗೆ ನಡೆದಳು. ಅಲ್ಲಿ ಉಡುಪಿಯ ಶೋಭಾ ಚರ್ಮದ ರಾಶಿ ಮುಂದಿಟ್ಟುಕೊಂಡು ಒಬ್ಬರೇ ಕೂತಿದ್ದರು. ಅವರ ಯಜಮಾನರು ಬೋಲ್ಟನ್‌ನ ಗೋದಾಮಿನಲ್ಲಿ ಶಿಫ್ಟಲ್ಲಿದ್ದರು. ಆಟದ ಕೊನೆಗೆ ಕಂಬಳಿ ಗಂಟುಗಳನ್ನು ದೋಣಿಯವರೆಗೆ ಹೊರಬೇಕಿತ್ತು, ಅದಕ್ಕೆ ಜನವಿರಲಿಲ್ಲ.

“ಆಂಟಿ, ಅಪ್ಪನ್ನ ತಗೊಳ್ಳಿ. ಹೀ ಕ್ಯಾನ್ ಕ್ಯಾರಿ. ಫೈವ್ ಚರ್ಮ.”

“ಆಯ್ತು ಮಗಾ,” ಎಂದು ಶೋಭಾ ಅಲ್ಲೇ ಎಣಿಸಿ ಕೊಟ್ಟರು.

ಚೌಕಾಸಿಯೇ ಇಲ್ಲ! ಕೆಟಲ್ಲಿಗೆ ಹತ್ತು ಕೇಳಿದವನು ಐದಕ್ಕೆ ಹೋಗಿದ್ದೆ!

ಆದರೆ ಮೇಘಾ ದೋಣಿಯ ತುದಿಯಲ್ಲಿ ಕೂತು ಕೈಬೀಸಿದಾಗ ನನ್ನ ಖುಷಿಗೆ ಪಾರವೇ ಇರಲಿಲ್ಲ. ತಲೆಯ ಮೇಲಿನ ಗಂಟು ಮರೆತು ಎರಡೂ ಕೈ ಎತ್ತಿ ಬೀಸಿದೆ. ಗಂಟು ಹೊಳೆಗೆ ಬಿತ್ತು. ಹಿಡಿಯಲು ಹೋದ ನಾನೂ ಬಿದ್ದೆ!

ತೊಪ್ಪೆಯಾದ ನನ್ನನ್ನು ಶೋಭಾ ನಮ್ಮ ಠಾಣೆಗೆ ಕರೆತಂದರು. “ಗಿರಿಜಕ್ಕ, ಚರ್ಮ ವಾಪಸ್ ಎಂತ ಬೇಡ ಮಾರಾಯ್ರೆ. ಇವರನ್ನೊಮ್ಮೆ ತೆಕ್ಕೊಳ್ಳಿ, ಸಾಕು.”

ಗಿರಿಜಾ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೈಕಟ್ಟಿ ನಿಂತಳು.

“ಒಮ್ಮೆ ಮಾರಿದ ಮಾಲು ವಾಪಸ್ ತಗೊಳ್ಳೂದಿಲ್ರೀ!”

ಮಾಲು ಮೈತುಂಬ ನೀರು ಸುರಿಸುತ್ತ ಅಲ್ಲೇ ನಿಂತಿತ್ತು.