ಕೇಳದೆ ಹೇಳಿದ 'ಆಗಬಹುದು'

ದೇವರನ್ನು ಅಳಿಸಿಹಾಕುವುದು ನನ್ನ ದಿನದ ಮೊದಲ ಕೆಲಸ. ಹೀಗೆಂದ ಕೂಡಲೇ ನನ್ನನ್ನು ನಾಸ್ತಿಕ ಎಂದುಕೊಳ್ಳಬೇಡಿ. ಅಳಿಸದಿದ್ದರೆ ನನ್ನ ಫೋನು ನಡೆಯುವುದಿಲ್ಲ, ಅಷ್ಟೇ. ಬೆಳಗ್ಗೆ ನಾನು ಹಲ್ಲುಜ್ಜುವ ಮೊದಲೇ ಅದರೊಳಗೆ ಗಣಪತಿ, ಈಶ್ವರ, ಗುಲಾಬಿ ಹೂಗಳ ನಡುವೆ ಕುಳಿತ ಲಕ್ಷ್ಮಿ, ಮಿಣಮಿಣ ಎನ್ನುವ ದೀಪ, 'ಶುಭ ಮಂಗಳವಾರ' ಎಲ್ಲ ಬಂದು ತುಂಬಿರುತ್ತವೆ. ಮಂಗಳವಾರ ಶುಭವಾಗಲಿ ಎಂದು ಹಾರೈಸುವವರೇ ಇಷ್ಟು ಜನ ಇದ್ದೂ ನನ್ನ ಮಂಗಳವಾರಗಳು ಯಾಕೆ ಹೀಗಿವೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಕಬಕದಲ್ಲಿ ನನ್ನದೊಂದು ಪಂಪು, ಪೈಪುಗಳ ಅಂಗಡಿ. ಗಿರಾಕಿಗಳು ಒಡೆದ ವಾಲ್ವಿನ ಫೋಟೋ ಕಳುಹಿಸಿ "ಇದು ಉಂಟಾ?" ಎಂದು ಕೇಳುತ್ತಾರೆ. ಫೋನು ಮಾತ್ರ ಜಾಗವಿಲ್ಲ ಎಂದು ಗೊಣಗುತ್ತದೆ. ವಾಲ್ವು ಒಳಗೆ ಬರಬೇಕಾದರೆ ದೇವರು ಹೊರಗೆ ಹೋಗಲೇಬೇಕು. ನಾನು ಹೀಗೆ ಅಳಿಸುವುದನ್ನು ಮೊದಲ ಸಲ ನೋಡಿದ ನನ್ನ ಹೆಂಡತಿ ಸುಮತಿ, "ಸ್ನಾನ ಮಾಡದೆ ದೇವರನ್ನು ತೆಗೆಯುದಾ? ಅದೂ ಎಡಗೈಯಲ್ಲಿ?" ಎಂದಳು. ಅಂದಿನಿಂದ ಸ್ನಾನ ಮಾಡಿ ಬಂದು, ಬಲಗೈಯ ಬೆರಳಿನಿಂದ ಅಳಿಸುತ್ತೇನೆ. ನಮ್ಮ ಮನೆಯಲ್ಲಿ ಧರ್ಮ ಇಷ್ಟರ ಮಟ್ಟಿಗೆ ಉಳಿದಿದೆ.

ಇವರೆಲ್ಲ ಎಲ್ಲಿಂದ ಬರುತ್ತಾರೆ ಎಂದರೆ, ಗ್ರೂಪುಗಳಿಂದ. ನನಗೆ ಒಂದು ಅಡಿಕೆ ಮರವೂ ಇಲ್ಲ, ಆದರೂ ಅಡಿಕೆ ಧಾರಣೆಯ ಗ್ರೂಪಿನಲ್ಲಿದ್ದೇನೆ. ಎಂದೋ ಮುಗಿದುಹೋದ ಜೀರ್ಣೋದ್ಧಾರದ ಸಮಿತಿ ಇನ್ನೂ ನನ್ನ ಜೇಬಿನಲ್ಲಿ ಜೀವಂತವಾಗಿದೆ. ಭಜನಾ ಮಂಡಳಿಯ ಗ್ರೂಪಿನಲ್ಲಿ ದಿನವೂ ಕೈಮುಗಿದ ಚಿತ್ರಗಳ ಸುರಿಮಳೆ. ಶನಿವಾರ ಮಂದಿರಕ್ಕೆ ಹೋಗಿ ನೋಡಿದರೆ ಹಾರ್ಮೋನಿಯಂ ಮತ್ತು ಅದನ್ನು ನುಡಿಸುವವರು, ಇಬ್ಬರೇ ಇರುತ್ತಾರೆ. ಒಮ್ಮೆ ಧೈರ್ಯ ಮಾಡಿ ಆ ಗ್ರೂಪಿನಿಂದ ಹೊರಗೆ ಬಂದೆ. ನಾನು ಹೊರಗೆ ಬಂದ ಸುದ್ದಿಯನ್ನು ಫೋನೇ ಊರಿಗೆಲ್ಲ ಸಾರಿಬಿಟ್ಟಿತು. ಸಂಜೆಯೊಳಗೆ, "ಎಂತ ಮಾರಾಯ್ರೆ, ಮಂಡಳಿಯ ಮೇಲೆ ಕೋಪವಾ?" ಎಂದು ನಾಲ್ಕಾರು ಮಂದಿ ವಿಚಾರಿಸಿದರು. ವರ್ಷಗಟ್ಟಲೆ ಭಜನೆಗೆ ಹೋಗದಿದ್ದಾಗ ಒಬ್ಬನೂ ಕೇಳಿರಲಿಲ್ಲ. ಮರುದಿನ ಮತ್ತೆ ಸೇರಿಕೊಂಡೆ. ಎಲ್ಲರೂ ಕೈಮುಗಿದರು.

ಇವೆಲ್ಲವನ್ನು ಮೀರಿಸಿದ್ದು ನಮ್ಮ ಕುಟುಂಬದ ಗ್ರೂಪು. ಐವರ್ನಾಡಿನಲ್ಲಿರುವ ನಮ್ಮ ತರವಾಡು ಮನೆಯನ್ನು, ಅಂದರೆ ಕುಟುಂಬದ ಮೂಲಮನೆಯನ್ನು, ನೋಡಿಕೊಳ್ಳುವ ಚಿಕ್ಕಪ್ಪನ ಮಗ ಪದ್ಮನಾಭ ಈ ಗ್ರೂಪನ್ನು ಕಟ್ಟಿದವನು. ಅದನ್ನು ಬೆಳೆಸಿದವಳು ಕೋಡಿಂಬಾಳಕ್ಕೆ ಮದುವೆಯಾಗಿ ಹೋದ ನನ್ನ ಅಕ್ಕ ಗಿರಿಜೆ. ಅಕ್ಕನ ಮನೆಯಲ್ಲಿ ಫೋನಿಗೆ ಸಿಗ್ನಲ್ ಇರುವುದು ಬಚ್ಚಲು ಮನೆಯ ಹತ್ತಿರ ಮಾತ್ರ. ಆದರೂ ಅಲ್ಲಿಂದ ಅವಳು ಲೋಕಕ್ಕೆ ಕಳುಹಿಸುವ ಸದ್ವಿಚಾರಗಳಿಗೆ ಲೆಕ್ಕವಿಲ್ಲ. ಮಾತಾಡೋಣ ಎಂದು ನಾನು ಕರೆ ಮಾಡಿದರೆ ಮಾತ್ರ ಸಿಗುವುದಿಲ್ಲ. ದೊಡ್ಡಪ್ಪ ತೀರಿಹೋದ ಮೇಲೆ ಈ ಕುಟುಂಬಕ್ಕೆ ನಾನು ಯಜಮಾನ. ಯಜಮಾನನಾದವನಿಗೆ ನಮ್ಮಲ್ಲಿ ಅಧಿಕಾರ ಏನೂ ಇಲ್ಲ. ವರ್ಷಕ್ಕೊಮ್ಮೆ ಮನೆಯ ದೈವದ ನೇಮದಲ್ಲಿ, ಬಣ್ಣ ಹಚ್ಚಿ ದೈವ ಕಟ್ಟಿದವರ ಮೈಮೇಲೆ ಅದು ಬಂದಾಗ, ಎದುರು ನಿಂತು ದೈವದ ಮಾತು ಕೇಳುವುದು, ಕೇಳಿ ಕುಟುಂಬದ ಪರವಾಗಿ 'ಆಗಬಹುದು' ಎನ್ನುವುದು, ಇಷ್ಟೇ ಕೆಲಸ. ಬೇರೆ ಕಡೆಯವರು ದೇವರ ದನಿ ಕೇಳಬೇಕೆಂದು ಬೆಟ್ಟ ಹತ್ತಿ ಕಣ್ಣುಮುಚ್ಚಿ ಕೂರುತ್ತಾರಂತೆ. ನಮಗೆ ಆ ಕಷ್ಟವಿಲ್ಲ. ನಮ್ಮ ದೈವ ಅಂಗಳಕ್ಕೇ ಬರುತ್ತದೆ, ವಾದ್ಯವನ್ನು ನಿಲ್ಲಿಸುತ್ತದೆ, ಯಜಮಾನನ ಹತ್ತಿರ ಬಂದು ಮುಖಕ್ಕೆ ಮುಖ ಕೊಟ್ಟು, ತುಳುವಿನಲ್ಲಿ, ನಮಗೆ ಅರ್ಥವಾಗುವ ಹಾಗೆ ಮಾತಾಡುತ್ತದೆ. ಒಬ್ಬ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಮಾಡಿಕೊಡಲು ಯಾವ ದೇವರಿಗೂ ಸಾಧ್ಯವಿಲ್ಲ.

ಹೋದ ವರ್ಷಕ್ಕಿಂತ ಹಿಂದಿನ ವರ್ಷದ ನೇಮದ ದಿನ ನಾನು ಹೀಗೆಯೇ ನಿಂತಿದ್ದೆ. ಬರಿಮೈ, ಬಿಳಿ ಮುಂಡು, ಸೊಂಟಕ್ಕೆ ಸುತ್ತಿದ ಶಾಲು. ಶಾಲಿನ ಮಡಿಕೆಯಲ್ಲಿ ಫೋನು. ಅದನ್ನು ಮನೆಯೊಳಗೆ ಇಟ್ಟು ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಂಗಡಿಯನ್ನು ಮುಚ್ಚಿ ಬಂದಿದ್ದೆ, ಯಾರದಾದರೂ ಮೋಟರು ಕೆಟ್ಟು ಕರೆದರೆ? ವಾದ್ಯ ನಿಂತಿತು, ದೈವ ಎದುರು ಬಂತು, ಮಾತು ಸುರುವಾಯಿತು. ಅದೇ ಹೊತ್ತಿಗೆ ಸೊಂಟದ ಹತ್ತಿರ ಗುರ್ರ್ ಎಂದಿತು. ಕೈಮುಗಿದುಕೊಂಡಿದ್ದ ನಾನು ಒಂದು ಕೈಯನ್ನು ಮೆಲ್ಲ ಇಳಿಸಿ, ಶಾಲಿನೊಳಗೇ ಅದನ್ನು ಸ್ವಲ್ಪ ಸರಿಸಿ ನೋಡಿದೆ. ಕುಟುಂಬದ ಗ್ರೂಪಿಗೆ ಗಿರಿಜಕ್ಕನ ಸಂದೇಶ. ಧ್ಯಾನಕ್ಕೆ ಕುಳಿತ ಯಾರದೋ ಚಿತ್ರ, ಅದರ ಕೆಳಗೆ: 'ದಿನಕ್ಕೆ ಸ್ವಲ್ಪ ಹೊತ್ತು ಎಲ್ಲವನ್ನೂ ಬದಿಗಿಟ್ಟು ದೇವರ ಮಾತಿಗೆ ಕಿವಿಗೊಡಿ. ಈ ಸಂದೇಶವನ್ನು ನಿಮ್ಮ ಆತ್ಮೀಯರಿಗೂ ಕಳುಹಿಸಿ.' ಅಕ್ಕ ಅದನ್ನು ಕಳುಹಿಸಿದ್ದು ಕೋಡಿಂಬಾಳದ ಬಚ್ಚಲಿನಿಂದಲ್ಲ. ನನ್ನ ಬೆನ್ನ ಹಿಂದೆ, ಅದೇ ಅಂಗಳದಲ್ಲಿ ನಿಂತು. ನಾನು ಅದನ್ನು ಕೊನೆಯವರೆಗೆ ಓದಿದೆ. ತಲೆ ಎತ್ತಿದಾಗ ದೈವದ ಮಾತು ಮುಗಿದಿತ್ತು. ನನ್ನನ್ನೇ ನೋಡುತ್ತ ಉತ್ತರಕ್ಕಾಗಿ ಕಾಯುತ್ತಿತ್ತು.

ನಾನು ಎರಡೂ ಕೈ ಎತ್ತಿ ಮುಗಿದು, "ಆಗಬಹುದು" ಎಂದೆ.

ದೈವ ಇನ್ನೂ ಸ್ವಲ್ಪ ಹೊತ್ತು ನನ್ನನ್ನು ನೋಡಿ, ತಿರುಗಿ ಹೋಯಿತು. ವಾದ್ಯ ಮೊದಲಾಯಿತು. ಊಟಕ್ಕೆ ಕುಳಿತಾಗ ತಲೆಯಲ್ಲಿ ಒಂದೇ ಪ್ರಶ್ನೆ. ಏನಕ್ಕೆ ಆಗಬಹುದು ಎಂದೆ? ಗುಡಿ ಕಟ್ಟಿಸುತ್ತೇನೆ ಎಂದೆನೇ? ಅಂಗಡಿ ಬಿಟ್ಟು ಐವರ್ನಾಡಿಗೆ ಬಂದು ಕೂರುತ್ತೇನೆ ಎಂದೆನೇ? ದೈವಕ್ಕೆ ಕೊಟ್ಟ ಮಾತು ತಪ್ಪಿದರೆ ಏನಾಗುತ್ತದೆ ಎಂಬ ಕಥೆಗಳನ್ನು ಕೇಳಿಯೇ ಬೆಳೆದವನು ನಾನು. ಕೊಟ್ಟ ಮಾತು ಯಾವುದೆಂದೇ ತಿಳಿಯದವನಿಗೆ ಏನಾಗುತ್ತದೆ ಎಂಬ ಕಥೆ ಮಾತ್ರ ಯಾರೂ ಹೇಳಿರಲಿಲ್ಲ. ಬಣ್ಣ ಕಳಚಿದ ಮೇಲೆ ದೈವ ಕಟ್ಟಿದವರನ್ನು ಕೇಳುವ ಕ್ರಮ ನಮ್ಮಲ್ಲಿ ಇಲ್ಲ, ಮಾತು ಅವರದಲ್ಲ. ವಾದ್ಯದವರನ್ನು ಕೇಳಿದರೆ ಯಜಮಾನನಿಗೇ ಕಿವಿ ಇಲ್ಲ ಎಂದು ಸುಳ್ಯ ತಾಲೂಕಿಗೆಲ್ಲ ಗೊತ್ತಾಗುತ್ತದೆ. ಮಾನ ಮುಖ್ಯ, ದೈವ ಆಮೇಲೆ.

ಉಪಾಯವಾಗಿ ಪದ್ಮನಾಭನಲ್ಲಿ ಕೇಳಿದೆ: "ಈ ಸಲ ದೈವದ ನುಡಿ ಭಾರೀ ಗಟ್ಟಿಯಾಗಿತ್ತಲ್ಲ?"

"ಹೌದು ಅಣ್ಣ, ಭಾರೀ ಲಾಯ್ಕ ಬಂದಿದೆ. ಫುಲ್ ವೀಡಿಯೊ ಉಂಟು," ಎಂದ.

ನನಗೆ ಜೀವ ಬಂತು. ಫೋನು ಕಸಿದುಕೊಂಡು ವೀಡಿಯೊ ಹಾಕಿದೆ. ದೈವದ ಬಾಯಿ ಆಡುತ್ತಿದೆ. ಕೇಳಿಸುವುದು ಪದ್ಮನಾಭನ ದನಿ ಮಾತ್ರ: "ಸ್ವಲ್ಪ ಬದಿಗೆ ನಿಲ್ಲಿ ಮಾರಾಯ್ರೆ, ಅಡ್ಡ ಆಗ್ತದೆ." ಬೇರೆಯವರ ವೀಡಿಯೊಗಳನ್ನೂ ತರಿಸಿ ನೋಡಿದೆ. ಒಂದರಲ್ಲಿ ಗಾಳಿ. ಒಂದರಲ್ಲಿ ಮಗು ಐಸ್‌ಕ್ಯಾಂಡಿಗಾಗಿ ಅಳುತ್ತಿದೆ. ಇನ್ನೊಂದರಲ್ಲಿ ಇಬ್ಬರು ಹೆಂಗಸರು ಯಾರದೋ ಸೀರೆಯ ಕ್ರಯ ಮಾತಾಡುತ್ತಿದ್ದಾರೆ. ಅಂಗಳ ತುಂಬ ಜನ, ಎಲ್ಲರ ಕೈಯಲ್ಲೂ ಎತ್ತಿ ಹಿಡಿದ ಫೋನು, ಕೇಳಿದವನು ಒಬ್ಬನೂ ಇಲ್ಲ. ಯಜಮಾನ ಕೇಳುತ್ತಾನಲ್ಲ ಎಂದು ಅವರ ಧೈರ್ಯ. ಆ ದಿನ ನನಗೆ ನನ್ನ ಕುಟುಂಬದ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ಮಾಡಿದ್ದೇನು, ನಾನು ಮಾಡಿದ್ದೇನು ಎಂದು ಯೋಚಿಸಿದರೆ ಸಿಟ್ಟಾಗಲು ನನಗೆ ಯಾವ ಹಕ್ಕೂ ಇರಲಿಲ್ಲ, ಅದಕ್ಕೇ ಅದು ಇನ್ನಷ್ಟು ಹೆಚ್ಚಾಯಿತು.

ಕೊನೆಗೆ ಸುಮತಿಗೆ ಹೇಳಿದೆ. ಅವಳು ಆ ಹೊತ್ತಿನಲ್ಲಿ ಹಿಂಬದಿಯಲ್ಲಿ ಅಡುಗೆಯವರ ಜೊತೆ ಇದ್ದವಳು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೀನ್ಸ್ ಮುರಿಯುತ್ತಾ ತಣ್ಣಗೆ, "ಅದರಲ್ಲಿ ಹೊಸತು ಎಂತ ಉಂಟು? ನಾನು ಹೇಳಿದ್ದಕ್ಕೂ ನೀವು ಹಾಗೆಯೇ ಹೂಂ ಹೂಂ ಹೇಳುದು. ನನಗೆ ಅಭ್ಯಾಸ ಆಗಿದೆ. ದೈವಕ್ಕೆ ಅಭ್ಯಾಸ ಇಲ್ಲ, ಪಾಪ," ಎಂದಳು.

ಆ ವರ್ಷವಿಡೀ ನಾನು ಬದುಕಿದ ರೀತಿ ಯಾರಿಗೂ ಬೇಡ. ಅಂಗಡಿಯ ಶಟರ್ ಸಿಕ್ಕಿಕೊಂಡರೆ ದೈವ. ಸ್ಕೂಟರು ಪಂಕ್ಚರ್ ಆದರೆ ದೈವ. ಕಬಕದ ಪೇಟೆಯಲ್ಲಿ ನಾಯಿ ನನ್ನನ್ನು ನೋಡಿ ಬೊಗಳಿದರೂ ಕೊಟ್ಟ ಮಾತಿನ ನೆನಪು. ತಪ್ಪಿಗೆ ಪ್ರಾಯಶ್ಚಿತ್ತವೆಂದು ಮುಸ್ಸಂಜೆ ಹೊತ್ತು ಫೋನನ್ನು ಅಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಿ, ದೇವರ ಕೋಣೆಯಲ್ಲಿ ಕೂರಲು ಸುರುಮಾಡಿದೆ. ಮೊದಮೊದಲು ಕೇಳಿಸಿದ್ದು ಪಕ್ಕದ ಮನೆಯ ಮಿಕ್ಸಿ. ಆಮೇಲೆ ತೊಡೆ ತಾನಾಗಿಯೇ ಗುರ್ರ್ ಎನ್ನತೊಡಗಿತು, ಅಲ್ಲಿ ಫೋನಿಲ್ಲದಿದ್ದರೂ. ಆಮೇಲೆ ತಲೆಯೊಳಗೆ, ಅಡಿಕೆ ಗ್ರೂಪಿನಲ್ಲಿ ಎಂದೋ ನನ್ನನ್ನು ಹಂಗಿಸಿದ್ದ ಒಬ್ಬನಿಗೆ ನಾನು ಬರೆಯಬೇಕಿದ್ದ ಉತ್ತರಗಳು ಒಂದೊಂದಾಗಿ ಹುಟ್ಟಿದವು, ಒಂದಕ್ಕಿಂತ ಒಂದು ಖಾರ. ದೇವರು ಮಾತಾಡಲಿ ಎಂದು ಜಾಗ ಮಾಡಿದ್ದೆ. ಆ ಜಾಗದಲ್ಲಿ ನಾನೇ ಬಂದು ಚಕ್ಕಳಮಕ್ಕಳ ಹಾಕಿ ಕುಳಿತಿದ್ದೆ.

ಒಂದು ಸಂಜೆ ಮಾತ್ರ, ಮಿಕ್ಸಿಯೂ ಇಲ್ಲದೆ, ಖಾರದ ಉತ್ತರಗಳೂ ಮುಗಿದು, ಸ್ವಲ್ಪ ಹೊತ್ತು ಎಲ್ಲ ನಿಂತಿತು. ಆಗ ಅಡುಗೆಮನೆಯಿಂದ ಸುಮತಿ ಕೆಮ್ಮುವುದು ಕೇಳಿಸಿತು. ಒಣ ಕೆಮ್ಮು, ಬಿಟ್ಟು ಬಿಟ್ಟು. ಎದ್ದು ಹೋಗಿ, "ಇದು ಯಾವಾಗಿನಿಂದ?" ಎಂದು ಕೇಳಿದೆ.

"ನವರಾತ್ರಿಯಿಂದ. ಪುತ್ತೂರಿಗೆ ಡಾಕ್ಟ್ರ ಹತ್ರ ಹೋಗುವ ಅಂದದ್ದಕ್ಕೆ ಹೂಂ ಅಂದಿದ್ರಿ."

ಮರುದಿನವೇ ಕರೆದುಕೊಂಡು ಹೋದೆ. ಭಯಪಡುವಂಥದ್ದೇನೂ ಇರಲಿಲ್ಲ, ಆದರೆ ಇಷ್ಟು ತಡ ಯಾಕೆ ಮಾಡಿದಿರಿ ಎಂದು ಡಾಕ್ಟರು ನನ್ನ ಮುಖ ನೋಡಿದರು. ಬರುವಾಗ ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಕುಳಿತು ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಅದನ್ನು ಅವಳಿಗೆ ಹೇಳಲಿಲ್ಲ.

ಮುಂದಿನ ನೇಮ ಬಂತು. ಫೋನನ್ನು ಕಬಕದಲ್ಲೇ ಅಕ್ಕಿ ಡಬ್ಬಿಯಲ್ಲಿ ಬಿಟ್ಟು ಹೋದೆ. ವಾದ್ಯ ನಿಂತಿತು. ಸುತ್ತಲೂ ಫೋನುಗಳು ಎದ್ದವು. ದೈವ ಹತ್ತಿರ ಬಂದು ಹೇಳಿದ್ದನ್ನು ಈ ಸಲ ಒಂದಕ್ಷರ ಬಿಡದೆ ಕೇಳಿದೆ. "ಕಳೆದ ವರ್ಷ ನಾನು ಕೇಳಿದ್ದಕ್ಕೆ ನೀನು ಒಂದು ಉತ್ತರ ಹೇಳಿದೆ. ನೆನಪುಂಟೇ ಯಜಮಾನ?"

ಉಂಟು ಎಂದರೆ ಮುಂದಿನ ಪ್ರಶ್ನೆಗೆ ಸಿಕ್ಕಿಬೀಳುತ್ತೇನೆ. ಇಲ್ಲ ಎಂದರೆ ಮಾನ ಹೋಗುತ್ತದೆ. ಒಂದು ವರ್ಷದ ಹೆದರಿಕೆ ಸಾಕಾಗಿತ್ತು ನನಗೆ. "ತಪ್ಪಾಯಿತು. ನಾನು ಆಗ ಕೇಳಿಸಿಕೊಳ್ಳಲಿಲ್ಲ. ಕೇಳದೆಯೇ ಆಗಬಹುದು ಎಂದೆ," ಎಂದುಬಿಟ್ಟೆ. ಕಣ್ಣಲ್ಲಿ ನೀರು ಬಂತು.

ದೈವ ಹೇಳಿತು: "ಆ ದಿನ ನಾನು ನಿನ್ನಲ್ಲಿ ಏನನ್ನೂ ಬೇಡಲಿಲ್ಲ. ಹೇಳಬೇಕಾದ್ದನ್ನು ಹೇಳಿ, ನನ್ನ ಮಾತು ನಿನ್ನ ಕಿವಿಗೆ ಬಿತ್ತೇ ಎಂದು ಕೇಳಿದೆ. ನೀನು 'ಆಗಬಹುದು' ಅಂದೆ."

ಗುಡಿ ಕಟ್ಟಿಸಬೇಕಾಗಿಲ್ಲ, ಅಂಗಡಿ ಮುಚ್ಚಬೇಕಾಗಿಲ್ಲ ಎಂದು ಒಂದು ಕ್ಷಣ ಎದೆ ಹಗುರವಾಯಿತು. ಮರುಕ್ಷಣವೇ ಹೊಳೆಯಿತು. "ಹಾಗಾದರೆ ಅದಕ್ಕಿಂತ ಮೊದಲು ಹೇಳಿದ್ದು ಏನು?" ಎಂದು ಕೇಳಿದೆ.

"ಹೇಳಿದ್ದು ಹೇಳಿ ಆಯಿತು," ಎಂದು ದೈವ ತಿರುಗಿತು. ವಾದ್ಯ ಮೊದಲಾಯಿತು.

ಆ ಮಾತು ಇನ್ನು ನನಗೆ ಸಿಗುವುದಿಲ್ಲ. ನನಗಾಗಿಯೇ ಅಂಗಳಕ್ಕೆ ಬಂದು, ನನ್ನ ಮುಖ ನೋಡಿ ಹೇಳಿದ ಮಾತು ಅದು. ಒಳ್ಳೆಯದಿತ್ತೋ, ಎಚ್ಚರಿಕೆ ಇತ್ತೋ, ಯಾರಿಗೆ ಗೊತ್ತು? ಅದರ ಬದಲಿಗೆ ನಾನು ಓದಿದ ಸಂದೇಶ ಇನ್ನೂ ಫೋನಿನಲ್ಲಿದೆ, ಯಾಕೋ ಅದನ್ನು ಅಳಿಸಲಿಲ್ಲ.

ಆ ಸಂಜೆ ಕಬಕಕ್ಕೆ ಬಂದವನು ಮೊದಲು ಮಾಡಿದ್ದು ಏನೆಂದು ಹೇಳಿದರೆ ನಿಮಗೆ ಆಶ್ಚರ್ಯವಾಗಲಿಕ್ಕಿಲ್ಲ. ಅಕ್ಕಿ ಡಬ್ಬಿಗೆ ಕೈಹಾಕಿದೆ. ವೀಡಿಯೊ ಆಗಲೇ ಗ್ರೂಪಿಗೆ ಬಂದಿತ್ತು. ಪದ್ಮನಾಭ ಅದಕ್ಕೆ ಭಕ್ತಿಯ ಒಂದು ಸಂಗೀತ ಸೇರಿಸಿದ್ದ, ಮಾತು ಒಂದೂ ಕೇಳಿಸದ ಹಾಗೆ. ನನ್ನ ಕಣ್ಣೀರು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳಗೆ ಇಡೀ ಕುಟುಂಬ ಕೈಮುಗಿದಿತ್ತು. ನನ್ನ ಬೆನ್ನ ಹಿಂದೆಯೇ ನಿಂತಿದ್ದ ಗಿರಿಜಕ್ಕ ಬರೆದಿದ್ದಳು: 'ತಮ್ಮಾ, ದೈವ ಎಂತ ಹೇಳಿದ್ದು?' ಇವರಿಗೆ ಈ ಸಲ ಬುದ್ಧಿ ಕಲಿಸಿಯೇ ಬಿಡಬೇಕೆಂದು, ಕೇಳುವುದು ಎಂದರೇನು, ಮೌನ ಎಂದರೇನು ಎಂದೆಲ್ಲ ಉದ್ದಕ್ಕೆ ಬರೆಯಲು ಕುಳಿತೆ. ಒಳ್ಳೆಯ ಮಾತುಗಳು ತಾವಾಗಿ ಬರುತ್ತಿದ್ದವು. ಅಡುಗೆಮನೆಯಿಂದ ಸುಮತಿ ಏನೋ ಕೇಳಿದಳು.

"ಆಗಬಹುದು," ಎಂದೆ.

ಅವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. "ಎಂತ ಆಗಬಹುದು? ಗಂಜಿಯಾ, ದೋಸೆಯಾ ಅಂತ ನಾನು ಕೇಳಿದ್ದು."