ಕ್ಲೀನ್ ಮಾಡಿದೆ

ರೂಪೇಶ ಖಾರ್ವಿ ಕಂಪ್ಯೂಟರ್ ಕಲಿತದ್ದೇ ಮೀನಿನ ಹುರುಪೆ ತೆಗೆಯುವುದು ತಪ್ಪಲಿ ಎಂದು. ಹಣೆಬರಹ ನೋಡಿ, ಕೆಲಸ ಸಿಕ್ಕಿದ್ದು ಅಂಕೋಲೆಯಲ್ಲಿ, ಮನೆಮನೆಗೆ ಮೀನು ಕಳಿಸುವ ‘ಕಡಲಬುಟ್ಟಿ’ ಎಂಬ ಆ್ಯಪಿನ ಆಫೀಸಿನಲ್ಲಿ. ಪುಣ್ಯಕ್ಕೆ ಅವನ ಪಾಲಿಗೆ ಬಂದದ್ದು ಬರೀ ಕೋಡು. ಹಳೆಯ ಕೋಡಿನ ಕಸ ತೆಗೆಯಬೇಕು, ಏನು ತೆಗೆದೆ ಎಂದು ಜೊತೆಗೊಂದು ವಿವರಣೆ ಬರೆಯಬೇಕು. ಆರು ತಿಂಗಳಿಂದ ಅವನು ದಿನಾ ಬರೆದ ವಿವರಣೆ ಒಂದೇ: ‘ಕ್ಲೀನ್ ಮಾಡಿದೆ.’

ಆ ಸೋಮವಾರ ಅವನ ಕೆಲಸ ಕಾಯಂ ಆಗುವುದಿತ್ತು. ಮಾಲೀಕ ನಾಗಪತಿ ಭಟ್ಟರು ಪತ್ರ ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿದರು. ಭಟ್ಟರು ಹುಟ್ಟಾ ಸಸ್ಯಾಹಾರಿ. ಬಂಗಡೆಯನ್ನು ಮೊಬೈಲಿನಲ್ಲಿ ಮಾತ್ರ ಕಂಡವರು.

“ತಮಾ, ‘ಕ್ಲೀನ್ ಮಾಡಿದೆ’ ಅಂದ್ರೆ ಯಾರಿಗೆ ಎಂತಾ ತಿಳೀತದೆ? ಎಂತಾ ತೆಗ್ದೆ, ಯಾಕೆ ತೆಗ್ದೆ, ಸಮಾ ಬರಿ. ಓದ್ದವರ ಕಣ್ಣಿಗೆ ಕಟ್ಬೇಕು. ಆಮೇಲೆ ಸಹಿ.”

ಅವರ ಕೋಡಿನಲ್ಲಿ ಒಂದೊಂದು ಮೀನಿಗೂ ಒಂದೊಂದು ಭಾಗ, ಆ ಭಾಗಕ್ಕೆ ಬಂಗಡೆ, ಇಶ್ವಾಣ ಎಂದು ಮೀನಿನದೇ ಹೆಸರು. ಯಾರೂ ಬಳಸದ ಕೋಡಿಗೆ ಆ ಕಸುಬಿನವರು ‘ಸತ್ತದ್ದು’ ಎನ್ನುತ್ತಾರೆ. ಹದಗೆಟ್ಟಿದ್ದರೆ ‘ವಾಸನೆ’ ಎನ್ನುತ್ತಾರೆ. ರೂಪೇಶ ಮನಸ್ಸಿಟ್ಟು ಬರೆದ: ‘ಮೂರು ವರ್ಷದ ಹಿಂದೆಯೇ ಸತ್ತಿದ್ದ ಬಂಗಡೆಯನ್ನು ಇವತ್ತು ತೆಗೆದೆ. ವಾಸನೆ ಹೊಡೆಯುತ್ತಿದ್ದ ಇಶ್ವಾಣವನ್ನು ಎರಡು ತುಂಡು ಮಾಡಿ ಬೇರೆ ಹೆಸರಿಟ್ಟೆ.’

“ಹಾಂ, ಬರೆಯೂದು ಅಂದ್ರೆ ಇದು,” ಎಂದು ಭಟ್ಟರು ಪೆನ್ನು ತೆರೆದರು. ಅಷ್ಟರಲ್ಲಿ ಫೋನು ಬಂತು. ಕಾರವಾರದ ಗಿರಾಕಿ ಅಮಿತಾ ಟೀಚರು.

“ಭಟ್ರೆ, ಮೊನ್ನೆ ನಮ್ಮನೆಗೆ ಬಂದ ಇಶ್ವಾಣದ ನಿಜವಾದ ಹೆಸ್ರು ಎಂತದು?”

ಅಮದಳ್ಳಿಯ ಜಗದೀಶ ಮಾಸ್ತರರದು ಎರಡನೆಯ ಫೋನು. “ಬಂಗಡೆ ಸತ್ತು ಮೂರು ವರ್ಷ ಆಯ್ತಂತೆ. ವರ್ಷಾಂತದ ಊಟಕ್ಕಾದ್ರೂ ಹೇಳಿ ಕಳಿಸ್ಬೇಕಾಗಿತ್ತು.”

ಆಗ ಭಟ್ಟರಿಗೆ ನೆನಪಾಯಿತು. ಎರಡೆರಡು ಸಲ ಬರೆಯುವುದು ಯಾಕೆಂದು, ಕೋಡಿನ ವಿವರಣೆಯೇ ‘ಹೊಸ ಸುದ್ದಿ’ಯಾಗಿ ಗಿರಾಕಿಗಳ ಮೊಬೈಲಿಗೆಲ್ಲ ಹೋಗುವಂತೆ ಶುರುವಿನಲ್ಲಿ ಅವರೇ ಮಾಡಿಸಿದ್ದರು.

ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಆ್ಯಪಿಗೆ ಮೀನು ಕೊಡುವ ಲತಾ ಮಾವಶಿ, ರೂಪೇಶನ ತಾಯಿಯ ಖಾಸಾ ತಂಗಿ, ಬುಟ್ಟಿ ಸಮೇತ ಬಂದಿದ್ದಳು.

“ಎಂತದಾ ರೂಪೇಶಾ, ಇವತ್ತು ಬೆಳಿಗ್ಗೆ ದೋಣಿಯಿಂದ ಇಳ್ಸಿದ ಬಂಗಡೆ ಇದು. ಮೂರು ವರ್ಷದ್ದಾ? ನಿನ್ನ ಆಯಿಗೆ ಫೋನ್ ಮಾಡ್ಲಾ?”

“ಇನ್ನೊಂದು ಬರಿ,” ಎಂದರು ಬೆವರು ಒರೆಸುತ್ತ ಭಟ್ಟರು. “ಒಂಚೂರೂ ಅನುಮಾನ ಉಳೀಬಾರ್ದು.”

ರೂಪೇಶ ಮತ್ತೆ ಕೀಲಿಮಣೆಗೆ ಕೈ ಹಾಕಿದ. ಕಸ ತೆಗೆದ ಮೇಲೂ ಆ್ಯಪು ಮೊದಲಿನಂತೆಯೇ ನಡೆಯುತ್ತದೆ ಎಂದು ಕೊನೆಗೆ ಹೇಳುವುದು ಕೋಡಿನ ಕಸುಬಿನ ಪದ್ಧತಿ. ಅದನ್ನೇ ಹೇಳಿದ: ‘ಯಾರೂ ಹೆದರಬೇಡಿ. ಇದರಿಂದ ಏನೂ ಬದಲಾಗಿಲ್ಲ. ಇಷ್ಟು ದಿನ ನಿಮಗೆ ಏನು ಸಿಗುತ್ತಿತ್ತೋ ಮುಂದೆಯೂ ಅದೇ ಸಿಗುತ್ತದೆ.’

ಐದು ನಿಮಿಷದಲ್ಲಿ ನಲವತ್ತು ಆರ್ಡರು ರದ್ದಾದವು.

ಮತ್ತೆ ಅಮಿತಾ ಟೀಚರು. “ಭಟ್ರೆ, ಮೊದ್ಲಿನ್ದೇ ಚಲೋ ಇತ್ತು. ದಿನಾ ‘ಕ್ಲೀನ್ ಮಾಡಿದೆ’ ಅಂತ ಬರ್ತಿತ್ತು. ಅದನ್ನ ನೋಡೇ ನಾವು ನಿಮ್ಮಲ್ಲಿ ತಕೊಳ್ಳೂದು. ಮೀನು ಮಾತ್ರ ಒಂದಿನಾನೂ ಕ್ಲೀನಾಗಿ ಬರ್ಲಿಲ್ಲ. ‘ಮಾಡಿದೆ, ಮಾಡಿದೆ’ ಅಂತ ಬರೆಯೂ ಮನಶಾ ಯಾರು? ಅಂವನ ಹತ್ರನೇ ಮಾಡ್ಸಿ, ನಾವೆಲ್ಲ ಮತ್ತೆ ತಕೊಳ್ತೇವೆ.”

ಭಟ್ಟರು ರೂಪೇಶನನ್ನೊಮ್ಮೆ, ಬುಟ್ಟಿಯನ್ನೊಮ್ಮೆ ನೋಡಿದರು. ತಡಮಾಡದೆ ಪತ್ರಕ್ಕೆ ಸಹಿ ಹಾಕಿದರು.

ಸಂಜೆ ಐದಕ್ಕೆ ಕಾಯಂ ನೌಕರ ರೂಪೇಶ ಆಫೀಸಿನ ಹಿತ್ತಲಲ್ಲಿ ಮಾವಶಿಯ ಪಕ್ಕ ಮಣೆಯ ಮೇಲೆ ಕೂತು ಮೂವತ್ತೊಂದನೆಯ ಬಂಗಡೆ ಕೊಯ್ಯುತ್ತಿದ್ದ. “ಕಂಪ್ಯೂಟರ್ ಕಲ್ತಂವನ ಕೈ ನೋಡು,” ಎಂದು ಅವಳು ಚಾಕು ಕಸಿದು ಮತ್ತೆ ತೋರಿಸಿಕೊಟ್ಟಳು. ಮುಗಿದ ಮೇಲೆ ಅವನು ಹುರುಪೆ ಮೆತ್ತಿದ ಬೆರಳಿನಲ್ಲೇ ಅಂದಿನ ವಿವರಣೆ ಬರೆದ: ‘ಕ್ಲೀನ್ ಮಾಡಿದೆ.’

ಭಟ್ಟರು ಮೂಗಿಗೆ ಶಾಲು ಹಿಡಿದು ದೂರದಿಂದಲೇ ಓದಿದರು. ಎಂತಾ, ಯಾಕೆ ಎಂದು ಈ ಸಲ ಕೇಳಲಿಲ್ಲ.