ನಾಲ್ಕು ತಾಲ್ಲೂಕಿನ ಮುದ್ರೆ

ಮನಸ್ಸಿಗೆ ನೆಮ್ಮದಿ ಕೊಡುವ, ಜೇಬಿಗೆ ಭಾರವಾಗದ ಹವ್ಯಾಸ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ: ಅಂಚೆಚೀಟಿ ಸಂಗ್ರಹ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಮಾತೆಂದು ತಳ್ಳಿಹಾಕಬೇಡಿ. ಇದಕ್ಕೆ ದೊಡ್ಡ ಓದು ಬೇಡ. ಒಂದು ಬೋಗುಣಿ ನೀರು, ಹಳೆಯ ಪೇಪರು, ದಪ್ಪನೆಯದೊಂದು ಪುಸ್ತಕ, ಮನೆಯವರ ಸಹನೆ, ಇಷ್ಟಿದ್ದರೆ ಸಾಕು. ನಿಮಗೊಬ್ಬ ಅಕ್ಕ ಇದ್ದು, ಅವಳಿಗೆ ಮದುವೆ ವಯಸ್ಸಿನ ಮಗಳಿದ್ದರೆ ಮಾತ್ರ ಸ್ವಲ್ಪ ಎಚ್ಚರಿಕೆ ಬೇಕು. ನನಗೆ ಆ ಎಚ್ಚರಿಕೆ ಇರಲಿಲ್ಲ.

ರಾಮನಗರದಲ್ಲಿ ನನ್ನದೊಂದು ಸಣ್ಣ ರೇಷ್ಮೆ ನೂಲು ತೆಗೆಯುವ ಘಟಕವಿದೆ. ಬೆಳಗಾದರೆ ಮಾರುಕಟ್ಟೆಗೆ ಹೋಗಿ ಗೂಡಿನ ಹರಾಜಿನಲ್ಲಿ ನಿಲ್ಲಬೇಕು. ಅಲ್ಲಿ ನಿಂತೂ ಬಿ.ಪಿ. ಬರಲಿಲ್ಲ ಎಂದರೆ ಅವನು ಮನುಷ್ಯನಲ್ಲ, ಕಂಬ. ನಾನು ಕಂಬವಲ್ಲವಾದ್ದರಿಂದ ನನಗೂ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಕೂತ್ಕೊಂಡು ಮಾಡೋವಂಥ ಒಂದು ಹವ್ಯಾಸ ಇಟ್ಕೊಳ್ಳಿ" ಎಂದರು. ನನ್ನ ಜೊತೆಯವರಿಗೆ ಕೂತು ಮಾಡುವ ಹವ್ಯಾಸವೆಂದರೆ ಇಸ್ಪೀಟು. ಅದರಿಂದ ಬಿ.ಪಿ. ಇಳಿದವರನ್ನು ನಾನು ಕಂಡಿಲ್ಲ. ಅದೇ ವಾರ ಅಟ್ಟ ಗುಡಿಸುವಾಗ ಅಪ್ಪನ ಕಾಲದ ಕವರುಗಳು ಒಂದು ಡಬ್ಬದ ತುಂಬ ಸಿಕ್ಕವು. ಗೂಡು ಬೇಯಿಸಿ ಎಳೆ ಬಿಡಿಸುವವನಿಗೆ ಚೀಟಿ ಬಿಡಿಸುವುದು ಯಾವ ಮಹಾ ವಿದ್ಯೆ ಎಂದುಕೊಂಡು ಮೊದಲನೆಯದನ್ನು ಕುದಿಯುವ ನೀರಿಗೇ ಹಾಕಿದೆ. ಚೀಟಿಯ ಮೇಲಿದ್ದ ನವಿಲು ನೋಡನೋಡುತ್ತಿದ್ದಂತೆ ಫಾರಂ ಕೋಳಿಯಾಯಿತು. ಆಮೇಲೆ ಕಲಿತೆ. ತಣ್ಣೀರಲ್ಲಿ ನೆನೆಹಾಕಿ, ತಾನಾಗಿ ಬಿಡುವ ತನಕ ಕಾದು, ಪೇಪರಿನ ಮೇಲೆ ಬೋರಲು ಒಣಗಿಸಿ, ಹಳೆಯ ಟೆಲಿಫೋನ್ ಡೈರೆಕ್ಟರಿಯ ಅಡಿಯಲ್ಲಿಟ್ಟರೆ ಮಡಿಕೆಯೆಲ್ಲ ಹೋಗಿ ಚೀಟಿ ನೆಟ್ಟಗಾಗುತ್ತದೆ. ಆ ಕಾಯುವುದರಲ್ಲೇ ಇರುವುದು ಸುಖ. ನೀರಿನಲ್ಲಿ ಚೀಟಿ ಮೆಲ್ಲಗೆ ಕಳಚಿಕೊಳ್ಳುವಾಗ ಹರಾಜು, ಸಾಲಿಗ, ಕರೆಂಟು, ಯಾವುದೂ ನೆನಪಿಗೆ ಬರುವುದಿಲ್ಲ.

ಹೊಸ ಚೀಟಿಗಿಂತ ಮುದ್ರೆ ಬಿದ್ದ ಚೀಟಿಯ ಮೇಲೆ ನನಗೆ ಹೆಚ್ಚು ಪ್ರೀತಿ. ಅದು ನಾಲ್ಕೂರು ತಿರುಗಿ ಬಂದದ್ದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಹೀಗೆ ನಾಲ್ಕೂ ತಾಲ್ಲೂಕಿನ ಮುದ್ರೆ ಬಿದ್ದ, ಈಗಿನ ಕಾಲದ ಚೀಟಿಗಳದ್ದೊಂದು ಆಲ್ಬಂ ಮಾಡಬೇಕೆಂದು ಹಟ ಹುಟ್ಟಿತು. ಆದರೆ ಈಗ ಯಾರು ಯಾರಿಗೆ ಕಾಗದ ಬರೆಯುತ್ತಾರೆ? ನನ್ನ ಈ ಕೊರಗನ್ನು ದೇವರು ಕೇಳಿಸಿಕೊಂಡನೋ ಏನೋ, ಕನಕಪುರದ ಅಕ್ಕನ ಮಗಳ ಮದುವೆ ಗೊತ್ತಾಯಿತು.

ಅಕ್ಕ ಅಂಚಿಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳ ಕಟ್ಟು ತಂದು ನನ್ನ ಕೈಲಿಟ್ಟಳು. "ನೋಡ್ಲಾ, ನಮ್ಮ ತವರಿನ ಕಡೆಯೋರ್ನ ಕರೆಯೋದು ನಿಂದು. ಸೋದರಮಾವ ನೀನು. ಮನೆಮನೆಗೂ ಹೋಗಿ ಕುಂಕುಮ ಕೊಟ್ಟು ಬಾಯ್ತುಂಬ ಕರ್ದು ಬಾ. ಕೆಂಪಾಪುರದ ಚಿಕ್ಕಪ್ಪನ್ನ ಮಾತ್ರ ಮೊದಲು ಕರೀಬೇಕು" ಎಂದಳು. ಅಪ್ಪ ಹೋದ ಮೇಲೆ ನಮಗೆ ಹಿರಿಯರೆಂದು ಉಳಿದವರು ಮಾಗಡಿ ತಾಲ್ಲೂಕಿನ ಈ ಚಿಕ್ಕಪ್ಪ ಒಬ್ಬರೇ. ಧಾರೆಯಲ್ಲಿ ತವರಿನ ಪರವಾಗಿ ಮೊದಲು ಹಾಲು ಎರೆಯಬೇಕಾದವರು. ನಮ್ಮ ಕಡೆ ಅಂಚೆಯಲ್ಲಿ ಬಂದ ಪತ್ರಿಕೆಗೆ ಕರೆಯೋಲೆಯ ಮರ್ಯಾದೆ ಇಲ್ಲ, ಅದು ಬರೀ ಸುದ್ದಿ. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಬಾಯಿಗೆ ಹುಳ ಬೀಳುತ್ತದೆ. ಗೊತ್ತಿದ್ದೇ ಮಾಡಿದೆ.

ಒಳ್ಳೊಳ್ಳೆಯ ಚೀಟಿ ಆರಿಸಿ ಅಂಟಿಸಿದೆ. ಮುದ್ರೆ ಬೀಳುವುದು ಕವರು ಹಾಕಿದ ಊರಿನದೇ ಆದ್ದರಿಂದ, ಬೈಕು ಹತ್ತಿ ಒಂದೊಂದು ತಾಲ್ಲೂಕಿನ ಕವರನ್ನು ಆಯಾ ತಾಲ್ಲೂಕಿಗೇ ಹೋಗಿ ಡಬ್ಬಕ್ಕೆ ಹಾಕಿದೆ. ಚನ್ನಪಟ್ಟಣದಲ್ಲಿ ಸೋದರತ್ತೆಯ ಮನೆ ಮುಂದೆಯೇ ಹಾದುಹೋಗಿ, ಅವರ ಹೆಸರಿನ ಕವರನ್ನು ಪಕ್ಕದ ಬೀದಿಯ ಅಂಚೆಡಬ್ಬಕ್ಕೆ ಹಾಕಿ, ಹೆಲ್ಮೆಟ್ಟು ತೆಗೆಯದೆ ಅದೇ ದಾರಿಯಲ್ಲಿ ವಾಪಸು ಬಂದೆ. ಸತ್ಯವಾಗಿ ಹೇಳುತ್ತೇನೆ, ಆ ದಿನಗಳಲ್ಲಿ ನನ್ನ ಬಿ.ಪಿ. ಎಳೆಮಗುವಿನದರಂತೆ ಇತ್ತು.

ವಾರ ಬಿಟ್ಟು ಚಿಕ್ಕಪ್ಪನಿಗೆ ಫೋನು ಮಾಡಿದೆ. "ಕವರ್ ಬಂತಾ ಚಿಕ್ಕಪ್ಪ?"

"ಬಂತು ಕಣ್ಲಾ. ನೀನ್ ಯಾವಾಗ ಬತ್ತೀಯ?"

"ಮದ್ವೆ ಆದ್ಮೇಲೆ ಬಂದು ತಗೊಂಡೋಗ್ತೀನಿ. ಹರೀದಂಗೆ ಒಸಿ ಜೋಪಾನವಾಗಿ ಇಟ್ಟಿರಿ."

ಫೋನು ಕಟ್ಟಾಯಿತು. ಸಿಗ್ನಲ್ ಹೋಯಿತೆಂದುಕೊಂಡೆ. ಅರ್ಧ ಗಂಟೆಗೆ ಅಕ್ಕನ ಫೋನು ಬಂತು. "ಲೇ, ಚಿಕ್ಕಪ್ಪ ಮದ್ವೆಗೆ ಬರಲ್ವಂತೆ! ಪೋಸ್ಟಲ್ಲಿ ಕರ್ದವ್ರೆ, ಮುಯ್ಯಿನೂ ಪೋಸ್ಟಲ್ಲೇ ಕಳಿಸ್ತೀನಿ ಅಂದ್ರು. ಏನ್ಲಾ ಮಾಡ್ಬುಟ್ಟೆ? ನಿಮ್ಮ ತವರಿನ ಹಿರೀಕ್ರು ಯಾರು ಅಂತ ಬೀಗ್ರು ಕೇಳಿದ್ರೆ ಪೋಸ್ಟ್ ಡಬ್ಬ ತೋರಿಸ್ಲಾ?" ಬೈದಿದ್ದನ್ನು ತಡೆದುಕೊಂಡೆ. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದು ಕೇಳಿತು ನೋಡಿ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಎಲ್ಲರ ಎದುರು ತವರಿಲ್ಲದವಳಂತೆ ನಿಲ್ಲಬೇಕಾಗುತ್ತದಲ್ಲ ಎಂಬ ಸಂಕಟ ಅವಳದು. ನನ್ನ ಹೆಂಡತಿ ಬೋಗುಣಿಯ ನೀರನ್ನು ಚೀಟಿಗಳ ಸಮೇತ ತುಳಸಿ ಗಿಡಕ್ಕೆ ಸುರಿದಳು.

ಮರುದಿನವೇ ಅಕ್ಕನನ್ನು ಕೂರಿಸಿಕೊಂಡು ಕೆಂಪಾಪುರಕ್ಕೆ ಹೋದೆ. ಚಿಕ್ಕಪ್ಪ ಜಗಲಿಯಲ್ಲಿ ಕೂತಿದ್ದರು. "ಬಾವ್ವ" ಎಂದು ಅಕ್ಕನನ್ನು ಕರೆದು, ನನ್ನ ಕಡೆ ನೋಡದೆ, "ಪೋಸ್ಟ್‌ನೋನ್ನೂ ಕರ್ಕೊಂಡ್ ಬಂದಿದ್ದೀಯಾ? ಕಾಗದ ಇದ್ರೆ ಕೊಟ್ಟು ಹೋಗೋಕೇಳು" ಎಂದರು. ಆಮೇಲೆ ವಿಷಯ ಹೊರಬಿತ್ತು. ನಾನು ಮಾಗಡಿಯಲ್ಲಿ ಕವರು ಹಾಕುವಾಗ ಅವರು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರಂತೆ. "ಕರೆಯೋಕೆ ಬಂದವ್ನೆ, ಇನ್ನೇನು ಮನೆಗೆ ಬತ್ತಾನೆ ಅಂತ ಓಡ್ಬಂದು ನಾಟಿ ಕೋಳಿ ಕುಯ್ಸಿದೆ ಕಣವ್ವ. ಸಂಜೆಗಂಟ ಕಾದೆ. ಇವ್ನು ಬರ್ನಿಲ್ಲ, ಪೋಸ್ಟ್‌ನೋನು ಬಂದ."

"ತೆಪ್ಪಾಯ್ತು ಚಿಕ್ಕಪ್ಪ" ಎಂದು ಕಾಲಿಗೆ ಬಿದ್ದೆ. ನಿಜವಾಗಿಯೂ ಪಶ್ಚಾತ್ತಾಪದಿಂದಲೇ ಬಿದ್ದೆ. ಆದರೆ ಏಳುವಾಗ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಕವರು ಕಾಣಿಸಿ, ಕಣ್ಣು ಅಲ್ಲೇ ನಿಂತುಬಿಟ್ಟಿತು.

"ನೋಡವ್ವ, ನೋಡು! ಕಾಲು ಹಿಡ್ಕಂಡವ್ನೆ, ಕಣ್ಣು ಎಲ್ಲೈತೆ ನೋಡು!" ಎಂದು ಚಿಕ್ಕಪ್ಪ ಕೂಗಿದರು. ಕುಂಕುಮದ ಬಟ್ಟಲು ಹಿಡಿದಿದ್ದ ಅಕ್ಕ ಸಿಟ್ಟು ಮಾಡಲು ಹೋಗಿ ನಕ್ಕುಬಿಟ್ಟಳು. ಚಿಕ್ಕಪ್ಪನ ಮೀಸೆಯೂ ಅಲುಗಿತು. "ನಿನ್ನ ಮಕ ನೋಡ್ಕಂಡು ಬತ್ತೀನಿ ಕಣವ್ವ. ಇವನಿಗೋಸ್ಕರ ಅಲ್ಲ" ಎಂದು ಕವರನ್ನು ಕಿತ್ತು ನನ್ನ ಮಡಿಲಿಗೆ ಎಸೆದರು. ಯಾವ ಮಾಗಡಿ ಮುದ್ರೆಗಾಗಿ ನಾನು ಇಷ್ಟೆಲ್ಲ ಮಾಡಿದ್ದೆನೋ ಅದು ಅಲ್ಲಿರಲಿಲ್ಲ. ಅಂಚೆ ಕಚೇರಿಯಲ್ಲಿ ಯಾರೋ ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಅಡ್ಡಗೆರೆ ಎಳೆದಿದ್ದರು. "ಅಯ್ಯೋ, ಮಾಗಡಿ ಮುದ್ರೆನೇ ಬಿದ್ದಿಲ್ವಲ್ಲ ಚಿಕ್ಕಪ್ಪ!" ಎಂದು ಬಾಯಿತಪ್ಪಿ ಅಂದುಬಿಟ್ಟೆ.

ಉಳಿದ ಮನೆಗಳಿಗೂ ಅಕ್ಕನ ಜೊತೆ ಹೋಗಿ, ಬೈಸಿಕೊಂಡು, ಉಂಡು ಬಂದೆ. ಮದುವೆಯಲ್ಲಿ ಚಿಕ್ಕಪ್ಪನೇ ಮೊದಲು ಹಾಲು ಎರೆದರು. ಅಕ್ಕ ತಲೆಯೆತ್ತಿ ನಿಂತಿದ್ದಳು.

ಮೊನ್ನೆ ನಮ್ಮ ಮನೆಗೆ ಅಂಚೆಯಲ್ಲಿ ಒಂದು ಕವರು ಬಂತು. ಚಿಕ್ಕಪ್ಪನ ಮೊಮ್ಮಗುವಿನ ನಾಮಕರಣ. ಅಕ್ಕನನ್ನು ಕನಕಪುರಕ್ಕೇ ಹೋಗಿ ಕುಂಕುಮ ಕೊಟ್ಟು ಕರೆದು ಬಂದರಂತೆ. ರಾಮನಗರದ ಮೇಲೆಯೇ ಹೋಗಿ, ನಮ್ಮ ಬೀದಿಯಲ್ಲೇ ಹಾದು, ಒಳಗೆ ಬರಲಿಲ್ಲವಂತೆ. "ನನಗೂ ಪೋಸ್ಟಲ್ಲಿ ಕುಂಕುಮ! ಎಲ್ಲಾ ನಿಮ್ಮಿಂದ" ಎಂದು ಹೆಂಡತಿ ಮುಖ ಊದಿಸಿಕೊಂಡು ಕೂತಳು. ನನಗೂ ಅವಮಾನವಾಗಬೇಕಿತ್ತು. ಆದರೆ ಕವರಿನ ಮೇಲೆ ಒಂದು ಬಣ್ಣದ ಹಕ್ಕಿಯ ಚೀಟಿ, ಅದರ ಮೂಲೆಗೆ ಒಂದಕ್ಷರವೂ ಅಳಿಸದ, ದುಂಡಗಿನ ಮಾಗಡಿ ಮುದ್ರೆ. ಚಿಕ್ಕಪ್ಪ ಕಚೇರಿಯ ಒಳಗೇ ಹೋಗಿ, ಎದುರು ನಿಂತು ಒತ್ತಿಸಿರಬೇಕು.

ನಾಮಕರಣಕ್ಕೆ ಎರಡು ದಿನ ಮೊದಲೇ ಹೋಗುತ್ತಿದ್ದೇನೆ. ಹೆಂಡತಿಯನ್ನು ಒಪ್ಪಿಸುವ ಕೆಲಸ ಇನ್ನೂ ಇದೆ. ಮೊದಲು ಈ ಚೀಟಿ ನೀರಿನಿಂದ ಮೇಲೆ ಬರಲಿ.